ಹುಳ ಹಿಡಿಯದ ಮಣ್ಣು

ನನ್ನ ಫೋನಿಗೆ ‘ಮದ್ದು’ ಎಂಬ ಮಾತು ಗೊತ್ತಿಲ್ಲ. ಮದ್ದು ಎಂದು ಒತ್ತಿದರೆ ‘ಮುದ್ದು’ ಎಂದು ಬರೆದುಕೊಳ್ಳುತ್ತದೆ. ಮೂರು ಸಲ ಅಳಿಸಿ ನಾಲ್ಕನೇ ಸಲ ಒತ್ತಿದ ಮೇಲೆ ಸೋತು ನನ್ನ ಮಾತು ಕೇಳಿತು. ಫೋನಿನಲ್ಲಿ ಕನ್ನಡ ಬರೆಯುವುದನ್ನು ಮೊಮ್ಮಗಳು ಕಲಿಸಿ ಇನ್ನೂ ಎರಡು ತಿಂಗಳಾಗಿಲ್ಲ. ಮೊದಲು ಬರೆದು ಕಳಿಸಿದ್ದು ಅವಳಿಗೇ ಒಂದು ಬೈಗುಳ, ಅದೂ ಪಕ್ಕದ ಕೋಣೆಯಿಂದ. ಈಗ ಬರೆಯುತ್ತಿರುವುದು ಅಂಥ ತಮಾಷೆಯದಲ್ಲ. ಹೋದ ವರ್ಷ ನಡೆದದ್ದು, ನನ್ನ ಕೈಯಿಂದಲೇ ನಡೆದದ್ದು.

ನಾವಿರುವುದು ಗೂಡಲೂರಿನಿಂದ ಚೇರಂಬಾಡಿಗೆ ಹೋಗುವ ಕಡೆ. ನಮ್ಮ ಹಟ್ಟಿಯಿಂದ ಟೀ ಗಿಡಗಳ ಮಧ್ಯೆ ಇಳಿದು ಹಳ್ಳ ದಾಟಿದರೆ ಮದ್ದು ಫ್ಯಾಕ್ಟರಿ. ಕಾಯಿಲೆಗೆ ಕೊಡುವ ಮಾತ್ರೆ ಮಾಡುತ್ತಿದ್ದರು ಅಂದುಕೊಳ್ಳಬೇಡಿ. ಟೀ ಗಿಡಕ್ಕೆ ಹೊಡೆಯುವ ಪುಡಿ, ತರಕಾರಿಯ ಹುಳ ಸಾಯಿಸುವ ಪುಡಿ ಅಲ್ಲಿ ತಯಾರಾಗುತ್ತಿತ್ತು. ಆದರೆ ನಮ್ಮ ಮಾತಿನಲ್ಲಿ ಜ್ವರಕ್ಕೆ ಕುಡಿಯುವುದೂ ಮದ್ದು, ಗಿಡಕ್ಕೆ ಹೊಡೆಯುವುದೂ ಮದ್ದು. ತಮಿಳಿನವರಿಗೆ ಎರಡೂ ಮರುಂದು. ಮಲಯಾಳದವರಿಗೆ ಎರಡೂ ಮರುನ್ನು. ಈ ಬೆಟ್ಟದ ಮೂರು ಭಾಷೆಯವರೂ ಸೇರಿ ಒಂದೇ ತಪ್ಪು ಮಾಡಿದ್ದೇವೆ.

ಆ ಫ್ಯಾಕ್ಟರಿಯಲ್ಲಿ ನಾನು ಹನ್ನೆರಡು ವರ್ಷ ಪ್ಯಾಕಿಂಗ್ ಮಾಡಿದ್ದೇನೆ. ಎಲೆ ಕೀಳುವ ಹೆಂಗಸರು ಮಳೆಯಲ್ಲಿ ನೆನೆಯುತ್ತಿದ್ದಾಗ ನಾವು ತಗಡಿನ ಸೂರಿನಡಿ ಕೂತು ಪೊಟ್ಟಣ ಕಟ್ಟುತ್ತಿದ್ದೆವು. ನಮ್ಮ ಜಂಬವನ್ನು ಏನು ಹೇಳಲಿ! ಮೂಗಿಗೆ ಸೆರಗು ಕಟ್ಟಿಕೊಂಡರೆ ಮುಗಿಯಿತು. ಸಂಜೆ ತಲೆಗೆ ನೀರು ಹಾಕಿಕೊಂಡರೆ ಬಚ್ಚಲಿನಲ್ಲಿ ನೀಲಿ ನೀರು ಹರಿಯುತ್ತಿತ್ತು. ಯಾರ ನೀರು ಹೆಚ್ಚು ನೀಲಿ ಎಂದು ನಗುತ್ತಿದ್ದೆವು. ನಮ್ಮ ಮಕ್ಕಳ ತಲೆಯಲ್ಲಿ ಹೇನಿರಲಿಲ್ಲ. ಸೆರಗಿನ ತುದಿಯಲ್ಲಿ ಒಂದಿಷ್ಟು ಪುಡಿ ಕಟ್ಟಿ ತಂದು ಕೂದಲಿಗೆ ಸವರಿದರೆ ಹೇನೆಲ್ಲ ದಿಂಬಿನ ಮೇಲೆ ಎಳ್ಳು ಚೆಲ್ಲಿದ ಹಾಗೆ ಬಿದ್ದಿರುತ್ತಿದ್ದವು. ಶಾಲೆಯ ಟೀಚರಮ್ಮ ಕೂಡ ಕೇಳಿ ಇಸಿದುಕೊಂಡಿದ್ದಳು.

ಆಮೇಲೆ ಒಂದು ಮಳೆಗಾಲದಲ್ಲಿ ಗೇಟಿಗೆ ಬೀಗ ಬಿತ್ತು. ಮಾಲೀಕರು ಎಲ್ಲಿಯವರೋ, ಎಲ್ಲಿಗೆ ಹೋದರೋ. ಕಾವಲುಗಾರ ಕೆಲವು ಕಾಲ ಇದ್ದ, ಅವನೂ ಹೋದ. ತಗಡು ಒಂದೊಂದಾಗಿ ಮಾಯವಾಯಿತು. ಲಂಟಾನ ಗೋಡೆ ಹತ್ತಿತು. ಆನೆಗಳು ಬೇಲಿ ಮುರಿದವು, ಆದರೆ ಒಳಗೆ ನಿಲ್ಲುತ್ತಿರಲಿಲ್ಲ. ಅದು ಯಾಕೆಂದು ನಮ್ಮಲ್ಲಿ ಯಾರೂ ಕೇಳಿಕೊಳ್ಳಲಿಲ್ಲ.

ನಾನು ಸೌದೆಗೆ ಅಲ್ಲಿಗೆ ಹೋಗುತ್ತಿದ್ದೆ. ಗೋಡೌನಿನ ಹಿಂದೆ, ನಾವು ಕಸ ಗುಡಿಸಿ ಸುರಿಯುತ್ತಿದ್ದ ಜಾಗದಲ್ಲಿ, ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಮಣ್ಣು ಬೂದಿ ಬಣ್ಣ, ಅದರಲ್ಲಿ ಸ್ವಲ್ಪ ನೀಲಿ, ಮುಟ್ಟಿದರೆ ಹಿಟ್ಟಿನಷ್ಟು ನುಣುಪು. ಒಂದು ವರ್ಷ ನನ್ನ ಎಲೆಕೋಸನ್ನು ಹುಳ ತಿಂದು ಜರಡಿ ಮಾಡಿತ್ತು. ಸಿಟ್ಟಿನಲ್ಲಿ ಒಂದು ಬುಟ್ಟಿ ಮಣ್ಣು ಹೊತ್ತು ತಂದು ಪಾತಿಗೆ ಬೆರೆಸಿದೆ. ಜಾಸ್ತಿ ಹಾಕಿದರೆ ಗಿಡವೇ ಸುಡುತ್ತದೆ, ಹದ ತಿಳಿದಿರಬೇಕು. ನನಗೆ ತಿಳಿಯಿತು. ಮುಂದಿನ ಬೆಳೆಗೆ ಒಂದು ಹುಳ ಬರಲಿಲ್ಲ. ಮದ್ದುಮಣ್ಣು ಎಂದು ಹೆಸರಿಟ್ಟೆ. ಹಟ್ಟಿಯವರೆಲ್ಲ ಕೇಳಿದರು, ಕೊಟ್ಟೆ. ಪಕ್ಕದ ಮನೆಯ ಮಲಯಾಳದ ಚೇಚಿ ತನ್ನ ಹರಿವೆಗೆ ಹಾಕಿಕೊಂಡಳು. ಟೀ ಎಲೆ ಮಾರಲು ಹೋದ ಕಡೆಯೆಲ್ಲ ನನ್ನನ್ನು ಮದ್ದುಮಣ್ಣಿನ ಅಜ್ಜಿ ಎಂದು ಕರೆದರು. ಅದಕ್ಕೂ ಜಂಬಪಟ್ಟೆ.

ಹೋದ ವರ್ಷ ಮೊಮ್ಮಗಳು ಏಳು ತಿಂಗಳ ಬಸುರಿಯಾಗಿ ಮನೆಗೆ ಬಂದಳು. ಅವಳ ತಾಯಿ, ಎಂದರೆ ನನ್ನ ಮಗಳು, ವೆಲ್ಲಿಂಗ್ಟನ್ನಿನ ಒಂದು ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದಾಳೆ, ಭಾನುವಾರ ಮಾತ್ರ ಬರುತ್ತಾಳೆ. ಹೀಗಾಗಿ ಬಸುರಿಯ ಊಟ ತಿಂಡಿ ಎಲ್ಲ ನನ್ನ ಪಾಲಿಗೆ. ಬಂದ ಎರಡನೇ ದಿನವೇ ಅವಳು ಹೂಕುಂಡದ ಮುಂದೆ ಕೂತು ಮೂತಿ ಮಣ್ಣು ಮಾಡಿಕೊಂಡಿದ್ದನ್ನು ಕಂಡೆ.

“ಏನೇ ಅದು?”

“ಏನಿಲ್ಲಜ್ಜಿ.”

“ಬಾಯಿ ತೆಗಿ.”

ತೆಗೆದಳು. ನಾಲಿಗೆ ತುಂಬ ಮಣ್ಣು. ಇಬ್ಬರೂ ನಕ್ಕೆವು. ನಾನೂ ಅವಳ ತಾಯಿಯನ್ನು ಹೊತ್ತಾಗ ಒಲೆಯ ಮಣ್ಣು ಕೆರೆದು ತಿಂದವಳೇ. ಆದರೆ ತಪಾಸಣೆಗೆ ಬಂದ ನರ್ಸಮ್ಮ ಬೈದಳು. ರಕ್ತ ಕಡಿಮೆಯಾದರೆ ಹೀಗೆ ಆಸೆ ಆಗುತ್ತದೆ, ಕೊಟ್ಟ ಮಾತ್ರೆ ನುಂಗಬೇಕು, ಮಣ್ಣು ತಿಂದರೆ ಹೊಟ್ಟೆಯಲ್ಲಿ ಹುಳ ಆಗುತ್ತದೆ ಎಂದಳು. ಅವಳು ಅಷ್ಟು ಹೇಳಿದರೂ ನನ್ನ ಕಿವಿಗೆ ಬಿದ್ದದ್ದು ಹುಳ ಎಂಬುದೊಂದೇ.

ಹುಳವೇ ತೊಂದರೆ ಎಂದಾದರೆ, ಹುಳ ಹಿಡಿಯದ ಮಣ್ಣು ನನ್ನ ಹತ್ತಿರ ಇದೆಯಲ್ಲ!

ಈಗ ಈ ಸಾಲು ಬರೆಯುವಾಗ ಬೆರಳು ನಿಂತುಬಿಟ್ಟಿತು. ಆ ದಿನ ಮಾತ್ರ ನನ್ನ ಬುದ್ಧಿವಂತಿಕೆಗೆ ನಾನೇ ಬೀಗಿದ್ದೆ. ಕೋಸಿನ ಪಾತಿಯಿಂದ ಒಂದು ಹೆಂಟೆ ತಂದು, ಹಂಚಿನ ಮೇಲೆ ಹುರಿದು, ಪುಡಿ ಮಾಡಿ, ಏಲಕ್ಕಿ ಡಬ್ಬಿಯಲ್ಲಿ ತುಂಬಿಟ್ಟೆ. ಮಧ್ಯಾಹ್ನದ ಊಟವಾದ ಮೇಲೆ ಒಂದು ಚಿಟಿಕೆ. ಅವಳು ಕಣ್ಣು ಮುಚ್ಚಿ ನಾಲಿಗೆ ಚಾಚುತ್ತಿದ್ದಳು, ಚಿಕ್ಕಂದಿನಲ್ಲಿ ಸಕ್ಕರೆಗೆ ಚಾಚುತ್ತಿದ್ದ ಹಾಗೆ.

“ಇನ್ನೊಂಚೂರಜ್ಜಿ.”

“ನಿಮ್ಮಮ್ಮಂಗೆ ಹೇಳಿದ್ರೆ ನಾಳೆಯಿಂದ ಇಲ್ಲ.”

“ನಾನ್ಯಾಕೆ ಹೇಳ್ಲಿ?”

ಅದೇ ಹೊತ್ತಿಗೆ ಫ್ಯಾಕ್ಟರಿ ಚೊಕ್ಕಟ ಮಾಡುವವರು ಬಂದರು. ಕೋರ್ಟಿನ ಆರ್ಡರಂತೆ. ಗೇಟಿನ ಬೀಗ ಒಡೆದರು, ಸುತ್ತ ಹಳದಿ ಪಟ್ಟಿ ಕಟ್ಟಿದರು. ಹಳ್ಳದ ಈಚೆ ದಂಡೆಯಲ್ಲಿ ನಿಂತು ನಾವು ಹೆಂಗಸರು ನೋಡಿದೆವು. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು, ಮುಖಕ್ಕೆ ಹಂದಿಮೂತಿಯಂಥ ಮುಚ್ಚಳ, ಎರಡೆರಡು ಕೈಗವಸು. ಹೆಜ್ಜೇನು ಕೀಳುವವರೂ ಇಷ್ಟು ಮುಚ್ಚಿಕೊಳ್ಳುವುದಿಲ್ಲ. ಗೋಡೌನಿನ ಹಿಂದಿನ ಮಣ್ಣನ್ನು ಕೆರೆದು ಬಿಳಿ ಚೀಲಗಳಿಗೆ ತುಂಬಿ, ಚೀಲದ ಮೇಲೆ ಇನ್ನೊಂದು ಚೀಲ ಹಾಕಿ ಹೊಲಿಯುತ್ತಿದ್ದರು. ಲಾರಿ ಹೊರಡುವಾಗ ಚಕ್ರಕ್ಕೂ ಸ್ನಾನ.

“ಹೆಣ್ಣು ಕರ್ಕೊಂಡು ಹೋಗೋ ದಿಬ್ಬಣಕ್ಕೂ ಇಷ್ಟು ಉಪಚಾರ ಇಲ್ಲ ಕಣ್ರೇ,” ಎಂದು ನಾನು ನಗಿಸಿದೆ. ಎಲ್ಲರೂ ನಕ್ಕರು. ನಕ್ಕ ಮೇಲೆ ನಮ್ಮ ನಮ್ಮ ಕೈಗಳನ್ನು ನೋಡಿಕೊಂಡೆವು.

ಅವರಲ್ಲಿ ಮಣ್ಣು ಪರೀಕ್ಷೆ ಮಾಡುವ ಒಬ್ಬ ಹುಡುಗಿಯಿದ್ದಳು, ಕೊಯಮತ್ತೂರಿನವಳು, ಅರ್ಧ ತಮಿಳು ಅರ್ಧ ಕನ್ನಡ ಆಡುತ್ತಿದ್ದಳು. ಕೈಯಲ್ಲಿ ಕಾಗದ ಹಿಡಿದು ಮನೆಮನೆಗೆ ಬಂದಳು. ನಮ್ಮ ಜಗಲಿಯಲ್ಲಿ ಕೂತು ಚಹಾ ಕುಡಿದು ಕೇಳಿದಳು:

“ಪಾಟ್ಟಿ, ಫ್ಯಾಕ್ಟರಿಯಿಂದ ನಚ್ಚುಪ್ಪೊರುಳ್ ಏನಾದ್ರೂ ಮನೆಗೆ ತಂದಿದೀರಾ?”

ಪಾಟ್ಟಿ ಎಂದರೆ ಅವರ ತಮಿಳಿನಲ್ಲಿ ಅಜ್ಜಿ, ನಚ್ಚು ಎಂದರೆ ವಿಷ. ನನಗದು ಗೊತ್ತು. ಆದರೆ ಬಾಯಿ ಸುಮ್ಮನಿರಬೇಕಲ್ಲ.

“ನಮ್ಮ ಕನ್ನಡದಲ್ಲಿ ನಚ್ಚು ಅಂದ್ರೆ ಪ್ರೀತಿ ಕಣಮ್ಮ. ನಚ್ಚಿನ ವಸ್ತು ಒಂದಿದೆ. ಒಳಗೆ ಮಲಗಿದೆ, ಏಳು ತಿಂಗಳು. ಬರ್ಕೊ.”

ಅವಳು ನಕ್ಕಳು. “ಅದಲ್ಲ ಪಾಟ್ಟಿ. ವಿಷ, ವಿಷ.”

“ವಿಷ ಯಾಕೆ ತರ್ಲಿ? ನಂಗೇನು ತಲೆ ಕೆಟ್ಟಿದ್ಯಾ?”

ಇಲ್ಲ ಎಂದು ಬರೆದುಕೊಂಡಳು. ನಾನು ಸುಳ್ಳು ಹೇಳಿದೆನೇ? ಆಣೆ ಮಾಡಿ ಹೇಳುತ್ತೇನೆ, ನನಗೆ ಹಾಗೆ ಅನ್ನಿಸಲೇ ಇಲ್ಲ. ನಾನು ತಂದದ್ದು ಮದ್ದುಮಣ್ಣು. ಹಟ್ಟಿಯ ಎಲ್ಲ ಮನೆಯವರೂ ಇಲ್ಲ ಎಂದೇ ಹೇಳಿದರಂತೆ. ವಿಷ ತಂದವರು ಯಾರೂ ಇರಲಿಲ್ಲ ನಮ್ಮಲ್ಲಿ.

ನಾಲ್ಕು ದಿನ ಬಿಟ್ಟು ಅವಳು ಮತ್ತೆ ಬಂದಳು. ಹಳ್ಳದ ಪಕ್ಕದ ಮಣ್ಣಿನ ಮಾದರಿ ತೆಗೆಯುತ್ತಾ ನಮ್ಮ ಹಿತ್ತಿಲಿಗೆ ಹತ್ತಿದ್ದಳು. ಕೋಸುಗಳನ್ನು ಕಂಡು ನಿಂತಳು.

“ಎನ್ನ ಅಳಗು ಪಾಟ್ಟಿ, ಎಷ್ಟು ಚೆಂದ! ಒಂದು ತೂತೂ ಇಲ್ಲ.”

“ಇರಲ್ಲ. ಹುಡುಕಿ ನೋಡು ಬೇಕಾದ್ರೆ.”

ಅವಳು ಹುಡುಕಿದಳು. ಎಲೆಯಲ್ಲಲ್ಲ, ಮಣ್ಣಿನಲ್ಲಿ. ಸಣ್ಣ ಸಲಿಕೆಯಿಂದ ಒಂದು ಕಡೆ ತಿರುವಿದಳು, ಇನ್ನೊಂದು ಕಡೆ ತಿರುವಿದಳು. ಮಳೆಗಾಲ ಅದು, ನಮ್ಮ ಕಡೆ ಎಲ್ಲಿ ಗುದ್ದಲಿ ಹಾಕಿದರೂ ಎರೆಹುಳ ಹೊರಳಾಡುತ್ತವೆ.

“ಎರೆಹುಳ ಎಲ್ಲಿ ಪಾಟ್ಟಿ?”

“ಒಂದೂ ಇಲ್ಲ!” ಎಂದೆ ನಾನು, ಬಹುಮಾನ ಬರುವವಳ ಹಾಗೆ. “ಮದ್ದುಮಣ್ಣು ಹಾಕಿದೀನಿ. ನಿಮ್ಮ ಗೋಡೌನ್ ಹಿಂದಿದೆಯಲ್ಲ, ಅದು.”

ಅವಳ ಕೈ ಅಲ್ಲೇ ನಿಂತಿತು. ಬಗ್ಗಿದ್ದವಳು ನಿಧಾನಕ್ಕೆ ಎದ್ದಳು. ಮೂರು ಹೆಜ್ಜೆ ಹಿಂದೆ ಹೋದಳು. ಪಾತಿಯಿಂದ ಹಿಂದೆ, ನನ್ನಿಂದಲೂ ಹಿಂದೆ. ಬ್ಯಾಗಿನಿಂದ ಕೈಗವಸು ತೆಗೆದು ಹಾಕಿಕೊಂಡಳು.

“ಅದು ಮದ್ದಲ್ಲ ಪಾಟ್ಟಿ,” ಎಂದಳು. “ಅದೇ ನಾವು ಕೇಳಿದ ನಚ್ಚು. ಅಲ್ಲಿಯದೇ ಎಲ್ಲಕ್ಕಿಂತ ಕೆಟ್ಟದ್ದು. ಹುಳ ಸಾಯುತ್ತೆ ಅಂದ್ರೆ ಏನರ್ಥ? ಮನುಷ್ಯರ ನರಕ್ಕೂ ಕೆಟ್ಟದ್ದು ಅದು. ಬೆಳೀತಿರೋ ಮಕ್ಕಳಿಗಂತೂ…” ಅಷ್ಟಕ್ಕೆ ನಿಲ್ಲಿಸಿದಳು. ಯಾಕೆಂದರೆ ಹಿತ್ತಿಲ ಬಾಗಿಲಲ್ಲಿ ಮೊಮ್ಮಗಳು ನಿಂತಿದ್ದಳು.

ಮಧ್ಯಾಹ್ನದ ಊಟ ಆಗಷ್ಟೇ ಮುಗಿದಿತ್ತು. ಅವಳ ಒಂದು ಕೆನ್ನೆ ಸ್ವಲ್ಪ ಉಬ್ಬಿತ್ತು. ಅದರೊಳಗೆ ಏನಿದೆಯೆಂದು ನನಗೆ ಗೊತ್ತು, ಅವಳಿಗೆ ಗೊತ್ತು. ಅವಳು ಅಗಿಯುವುದನ್ನು ನಿಲ್ಲಿಸಿದಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡಿದಳು.

ಪರೀಕ್ಷೆಯ ಹುಡುಗಿ ಶೀಸೆಗೆ ಮಣ್ಣು ತುಂಬಿ ಚೀಟಿ ಅಂಟಿಸಿದಳು. ಸೊಪ್ಪು, ಕೋಸು ಏನನ್ನೂ ಮುಟ್ಟಬೇಡಿ, ಬಸುರಿಯನ್ನು ಹಿತ್ತಿಲಿಗೆ ಬಿಡಬೇಡಿ ಎಂದಳು. “ಇದು ಬಾಯಿಗೆ ಹೋಗೋ ಹಾಗೆ ಏನೂ ಆಗಿಲ್ಲ ಅಲ್ವಾ?” ಎಂದು ಸುಮ್ಮನೆ ಕೇಳಿದಳು, ಹೋಗುವ ಮುಂಚೆ.

ನಾನು ಇಲ್ಲ ಎಂದೆ. ಈ ಸಲ ಅದು ಸುಳ್ಳೇ.

ಅವಳು ಹೋದ ಮೇಲೆ ಮೊಮ್ಮಗಳು ಬಚ್ಚಲಿಗೆ ಓಡಿ ಬಾಯಿ ತೊಳೆದಳು. ತೊಳೆದಳು, ಉಗಿದಳು, ಗಂಟಲಿಗೆ ಬೆರಳು ಹಾಕಿದಳು. ನಾನು ಬೆನ್ನು ಸವರಲು ಹೋದೆ. ಕೈ ತಳ್ಳಿದಳು. ಹುಟ್ಟಿದಾಗಿನಿಂದ ಅವಳು ನನ್ನ ಕೈ ತಳ್ಳಿದ್ದು ಅದೇ ಮೊದಲು.

“ಯಾಕಜ್ಜಿ ಇಲ್ಲ ಅಂದೆ?”

ಎಲ್ಲದಕ್ಕೂ ಒಂದು ಉತ್ತರ ಇಟ್ಟುಕೊಂಡಿರುವವಳು ನಾನು. ಮಗಳ ಭಯ, ಹಟ್ಟಿಯವರ ಭಯ, ಕಾಗದದಲ್ಲಿ ನನ್ನ ಹೆಸರು ಬರೆದುಬಿಡುತ್ತಾರೆಂಬ ಭಯ, ಯಾವುದನ್ನು ಹೇಳಲಿ? ಅವಳ ಹೊಟ್ಟೆಯ ಮುಂದೆ ಎಲ್ಲವೂ ಸಾಸಿವೆಯಷ್ಟೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಏಲಕ್ಕಿ ಡಬ್ಬಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ಹಳ್ಳ ದಾಟಿದೆ. ಹನ್ನೆರಡು ವರ್ಷ ತಿಂಡಿ ಡಬ್ಬಿ ಹಿಡಿದು ಹೋಗಿ ಬಂದ ಗೇಟು ಅದು. ಹಳದಿ ಪಟ್ಟಿಯ ಹತ್ತಿರ ನಿಂತು ಆ ಹುಡುಗಿಯನ್ನು ಕೂಗಿದೆ. ಮುಖದ ಮುಚ್ಚಳ ತೆಗೆಯುತ್ತಾ ಬಂದಳು.

“ಇದನ್ನ ನನ್ನ ಮೊಮ್ಮಗಳಿಗೆ ತಿನ್ಸಿದೀನಿ,” ಎಂದೆ. “ದಿನಾ. ಅವಳು ಕೇಳಿದ್ಲು ಅಂತ.”

ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಡಬ್ಬಿಯನ್ನು ಇಸಿದುಕೊಂಡು, “ಅಯ್ಯೋ ಪಾಟ್ಟಿ,” ಎಂದಳು ಅಷ್ಟೇ. ಆಮೇಲೆ ಜೀಪಿನ ಕಡೆ ಓಡಿದಳು. ಅದರಲ್ಲೇ ಮೊಮ್ಮಗಳನ್ನು ಹತ್ತಿಸಿಕೊಂಡು ಗೂಡಲೂರಿನ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಮೊಮ್ಮಗಳು ಕಿಟಕಿಯ ಕಡೆ ಮುಖ ಮಾಡಿದ್ದಳು. ತಿರುವು ಬಂದಾಗಲೆಲ್ಲ ನಾನು ಅವಳ ಹೊಟ್ಟೆಗೆ ಅಡ್ಡ ಕೈ ಹಿಡಿಯುತ್ತಿದ್ದೆ, ಮುಟ್ಟದ ಹಾಗೆ.

ಡಾಕ್ಟರಮ್ಮ ಮೊದಲು ಮಗುವಿನ ಎದೆಬಡಿತ ಕೇಳಿಸಿದಳು. ಕುದುರೆ ಓಡುವ ಹಾಗೆ ಟಕಟಕ ಸದ್ದು ಬಂತು. ಸದ್ಯ ಎಂದುಕೊಂಡೆ. ಡಾಕ್ಟರಮ್ಮನ ಮುಖ ಸಡಿಲವಾಗಲಿಲ್ಲ. ರಕ್ತ ತೆಗೆದರು. ಆಮೇಲೆ ನನ್ನನ್ನು ಕರೆದಳು.

“ಎಷ್ಟು ಕೊಡ್ತಿದ್ರಿ?”

“ಒಂದು ಚಿಟಿಕೆ.”

“ನಿಮ್ಮ ಚಿಟಿಕೆ ಎಷ್ಟು ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ತೋರಿಸಿ.”

ಪರೀಕ್ಷೆಯ ಹುಡುಗಿ ಜೀಪಿನಿಂದ ಒಂದು ಪುಟ್ಟ ತಕ್ಕಡಿ ತಂದಳು, ಚಿನ್ನ ತೂಗುವಂಥದ್ದು. ಆಸ್ಪತ್ರೆಯ ಅಂಗಳದ ಒಣ ಮಣ್ಣನ್ನು ಒಂದು ಕಾಗದದ ಮೇಲೆ ಹಾಕಿಟ್ಟಳು. ಎಲ್ಲರೂ ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ನಾನು ಎರಡು ಬೆರಳ ತುದಿಯಲ್ಲಿ, ದೇವರಿಗೆ ಕುಂಕುಮ ಎತ್ತುವಷ್ಟು, ಎತ್ತಿ ಹಾಕಿದೆ. ತಕ್ಕಡಿಯಲ್ಲಿ ಏನೂ ಇಲ್ಲವೇನೋ ಎಂಬಷ್ಟು ಬಂತು. ಡಾಕ್ಟರಮ್ಮ ಬರೆದುಕೊಳ್ಳಲು ಹೋದಳು.

ಮಂಚದ ಮೇಲೆ ಮಲಗಿದ್ದ ಮೊಮ್ಮಗಳಿಗೆ ಅದು ಸುಳ್ಳೆಂದು ಗೊತ್ತು. ಅವಳು ಬಾಯಿ ಬಿಡಲಿಲ್ಲ. ಸೂರು ನೋಡುತ್ತಾ ಮಲಗಿದ್ದಳು. ಅಷ್ಟಾದ ಮೇಲೂ ನನ್ನ ಮಾನ ಕಾಯುತ್ತಿದ್ದಳು. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

“ಅದನ್ನ ಬರೀಬೇಡಿ ಡಾಕ್ಟ್ರೇ,” ಎಂದೆ. “ಅದು ಸುಳ್ಳು ಚಿಟಿಕೆ.”

ಈ ಸಲ ಕಣ್ಣು ಮುಚ್ಚಿಕೊಂಡೆ. ಅಡುಗೆಮನೆ, ಡಬ್ಬಿ, ಚಾಚಿದ ನಾಲಿಗೆ. ಮೂರು ಬೆರಳು ತಾವಾಗಿ ಇಳಿದು, ಗೋಪುರದ ಹಾಗೆ ತುಂಬಿಕೊಂಡು ಬಂದವು. ಅದನ್ನು ಹಾಕಿ, ‘ಇನ್ನೊಂಚೂರಿ’ನದನ್ನೂ ಎತ್ತಿ ಹಾಕಿದೆ. ತಕ್ಕಡಿಯನ್ನು ನೋಡಿದ ಪರೀಕ್ಷೆಯ ಹುಡುಗಿ ತುಟಿ ಕಚ್ಚಿಕೊಂಡಳು.

ಆಗ ಮಂಚದಿಂದ ಮಾತು ಬಂತು.

“ಕೆಲವು ದಿನ ಅದರ ಎರಡರಷ್ಟು. ಡಬ್ಬಿ ಎಲ್ಲಿಡ್ತಾಳೆ ಅಂತ ನಂಗೊತ್ತಿತ್ತು. ಅಜ್ಜಿ ಮಲಗಿದಾಗ ನಾನೇ ತಗೊಂಡಿದೀನಿ.”

ಡಬ್ಬಿ ಬೇಗ ಖಾಲಿಯಾಗುತ್ತಿದ್ದುದು ನನಗೆ ತಿಳಿದಿತ್ತು. ಇಲಿಯೆಂದು ಅವಳನ್ನು ರೇಗಿಸಿ, ಮತ್ತೆ ಹುರಿದು ತುಂಬಿಸುತ್ತಿದ್ದೆ. ಡಾಕ್ಟರಮ್ಮ ಎಲ್ಲವನ್ನೂ ಬರೆದುಕೊಂಡಳು. ಇಬ್ಬರಿಗೂ ಬೈದಳು, ಸರಿಯಾಗಿಯೇ ಬೈದಳು. ಏನಾಗಬಹುದು ಎಂದು ಕೇಳಿದೆ. “ಏನೂ ಆಗದೇ ಇರಬಹುದು. ಆಗಲೂಬಹುದು. ಇವತ್ತು ಹೇಳೋಕಾಗಲ್ಲ,” ಎಂದಳು. ಇದಕ್ಕಿಂತ ಭಯದ ಮಾತನ್ನು ನಾನು ಯಾರ ಬಾಯಿಂದಲೂ ಕೇಳಿಲ್ಲ.

ಹಟ್ಟಿಗೆ ವಾಪಸು ಬರುವಾಗ ನಾನೇ ಆ ಹುಡುಗಿಗೆ ಹೇಳಿದೆ. “ವಿಷ ಇದೆಯಾ ಅಂತ ಕೇಳಬೇಡ ಕಣಮ್ಮ. ಯಾರೂ ಹೂಂ ಅನ್ನಲ್ಲ. ಅಜ್ಜಿ ಕೊಟ್ಟ ಮದ್ದುಮಣ್ಣು ಎಲ್ಲಿ ಹಾಕಿದೀರಿ ಅಂತ ಕೇಳು.” ಅವಳ ಜತೆ ನಾನೂ ನಡೆದೆ. ಹಾಗೆ ಕೇಳಿದ ಕೂಡಲೇ ಒಂದೊಂದು ಮನೆಯವರೂ ಖುಷಿಯಿಂದ ಹಿತ್ತಿಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ಇಲ್ಲಿ ಹರಿವೆಗೆ, ಇಲ್ಲಿ ಮೆಣಸಿನ ಬಳ್ಳಿಗೆ, ಇಲ್ಲಿ ಮಗು ಆಡುವ ಕಡೆ ಇರುವೆ ಬಾರದಿರಲಿ ಎಂದು ಸ್ವಲ್ಪ. ಅದನ್ನು ಕೇಳಿ ನಾನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟೆ.

ಚೇಚಿ ಮಾತ್ರ ಬಿಡಲಿಲ್ಲ.

“ಎಂಟೆ ದೈವಮೇ! ಅಮ್ಮಾ, ನೀವಲ್ವಾ ತಲೆ ಮೇಲೆ ಹೊತ್ತು ತಂದು ಕೊಟ್ಟಿದ್ದು? ಕೊಡುವಾಗ ಏನು ನಗು, ಏನು ಜಂಬ!”

“ನಾನೇ ಕಣೇ ಚೇಚಿ.”

“ಈಗ ಯಾರನ್ನ ಬೈಯೋದು ನಾನು? ನಿಮ್ಮನ್ನಾ, ಆ ಫ್ಯಾಕ್ಟರಿ ಮುಚ್ಚಿ ಓಡಿಹೋದೋರನ್ನಾ?”

“ಅವರು ಸಿಗಲ್ಲ. ನಾನಿದೀನಲ್ಲ, ನನ್ನನ್ನೇ ಬೈಯಿ.”

ಬೈದಳು. ಎರಡು ಭಾಷೆಯಲ್ಲಿ ಬೈದು, ಆಮೇಲೆ ಮೂರನೆಯದರಲ್ಲಿ ಅತ್ತಳು. ಒಂದು ವಾರ ಮಾತು ಬಿಟ್ಟಿದ್ದಳು.

ಬಿಳಿ ಉಡುಪಿನವರು ನಮ್ಮ ಹಿತ್ತಿಲಿಗೂ ಬಂದರು. ಕೋಸುಗಳನ್ನು ಬೇರುಸಹಿತ ಕಿತ್ತರು, ಪಾತಿಯನ್ನು ಮೊಣಕಾಲಾಳ ಕೆರೆದು ಚೀಲಕ್ಕೆ ತುಂಬಿದರು. ಬೇರೆ ಕಡೆಯಿಂದ ಕೆಂಪು ಮಣ್ಣು ತಂದು ಸುರಿದರು. ನನ್ನ ರಕ್ತವನ್ನೂ ತೆಗೆದುಕೊಂಡು ಹೋದರು. ನನ್ನೊಳಗೆ ಎಷ್ಟಿದೆಯೆಂದು ಹೇಳಿದರು, ನಾನು ಕೇಳಿಸಿಕೊಳ್ಳಲಿಲ್ಲ. ಹನ್ನೆರಡು ವರ್ಷ ನೀಲಿ ನೀರಿನ ಸ್ನಾನ ಮಾಡಿದವಳು, ನನ್ನದೇನು ಬಿಡಿ. ಆ ಭಾನುವಾರ ಮಗಳು ಬಂದಳು. ವಿಷಯ ತಿಳಿದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಒಂದೊಂದಾಗಿ ತೆಗೆದು ಮೂಸಿ ನೋಡಿದಳು. ಸಾಸಿವೆ ಡಬ್ಬಿಯನ್ನೂ.

ಹೆಣ್ಣು ಮಗು ಹುಟ್ಟಿತು. ದಿನ ತುಂಬಿಯೇ ಹುಟ್ಟಿತು, ತೂಕ ಸ್ವಲ್ಪ ಕಡಿಮೆ. ಬೆರಳುಗಳನ್ನು ನಾನು ಎಣಿಸಲಿಲ್ಲ, ಧೈರ್ಯವಾಗಲಿಲ್ಲ. ಮಗಳು ಎಣಿಸಿದಳು, ಸರಿಯಾಗಿದ್ದವು. ಮಗುವಿನ ರಕ್ತದಲ್ಲಿ ಅದು ಇದೆಯಂತೆ, ಕಡಿಮೆ ಇದೆಯಂತೆ. ಕೆಲವು ತಿಂಗಳಿಗೊಮ್ಮೆ ಗೂಡಲೂರಿಗೆ ಕರೆದುಕೊಂಡು ಹೋಗುತ್ತೇವೆ. ಸೂಜಿ ಚುಚ್ಚುವಾಗ ಕಾಲು ಹಿಡಿದುಕೊಳ್ಳುವುದು ನನ್ನ ಕೆಲಸ. ಕತ್ತು ನಿಲ್ಲುವುದು, ಮಗುಚುವುದು, ಕೂರುವುದು ಎಲ್ಲ ಆಯಾ ಹೊತ್ತಿಗೆ ಆಗಿದೆ. ಡಾಕ್ಟರಮ್ಮ ಪ್ರತಿ ಸಲವೂ “ನೋಡ್ತಾ ಇರೋಣ” ಎನ್ನುತ್ತಾಳೆ. ನಾವು ನೋಡುತ್ತಲೇ ಇದ್ದೇವೆ. ಬೇರೆ ಮಕ್ಕಳು ಬಿದ್ದರೆ ಜನ ನಗುತ್ತಾರೆ. ನಮ್ಮದು ಕೂತಲ್ಲೇ ವಾಲಿ ಬಿದ್ದರೆ ಮನೆಯೇ ಉಸಿರು ಹಿಡಿಯುತ್ತದೆ.

ಮೊಮ್ಮಗಳು ನನ್ನ ಜತೆ ನಗುತ್ತಾಳೆ, ಜಗಳಾಡುತ್ತಾಳೆ, ಫೋನು ಕಲಿಸುತ್ತಾಳೆ. ಆದರೆ ಮಗುವಿಗೆ ರಾಗಿ ಸರಿ ಶುರು ಮಾಡಿದ ದಿನದಿಂದ ಚಮಚ ಅವಳ ಕೈಯಲ್ಲೇ ಇದೆ. ಈ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಮೊದಲ ತುತ್ತು ಕೊಟ್ಟವಳು ನಾನು. ಅವಳಿಗೂ ನಾನೇ ಕೊಟ್ಟದ್ದು. ಈ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿರುತ್ತೇನೆ, ಅವಳು ಎದುರು ಕೂತು ತಿನ್ನಿಸುತ್ತಾಳೆ. ಕೊಡು ಎಂದು ನಾನು ಕೇಳಿಲ್ಲ. ತಗೋ ಎಂದು ಅವಳೂ ಅಂದಿಲ್ಲ.

ಮೊನ್ನೆ ಅವಳು ಬಟ್ಟಲು ತೊಳೆಯಲು ಒಳಗೆ ಹೋಗಿದ್ದಳು. ಮಗು ನನ್ನ ಬೆರಳು ಹಿಡಿದು ಎಳೆದು ಬಾಯಿಗೆ ಹಾಕಿಕೊಂಡಿತು. ಹಲ್ಲು ಬರುವ ಕಾಲ, ಕಚಕಚ ಕಡಿಯಿತು. ಎಷ್ಟು ಹಿತವಾಗಿತ್ತೆಂದರೆ ನಾನು ಸುಮ್ಮನೆ ಕೂತೆ. ಒಳಗಿನಿಂದ ಬಂದ ಮೊಮ್ಮಗಳು ಬಾಗಿಲಲ್ಲೇ ನಿಂತಳು.

“ಅಜ್ಜಿ, ಕೈ.”

ದನಿ ಏರಿಸಲಿಲ್ಲ. ನಾನು ಬೆರಳು ಬಿಡಿಸಿಕೊಂಡೆ. ಮಗು ಕಿರುಚಿತು. ಅದನ್ನು ಅವಳ ಕೈಗೆ ಕೊಟ್ಟು ಬಚ್ಚಲಿಗೆ ಹೋಗಿ, ಸೋಪು ಹಚ್ಚಿ, ಉಗುರಿನ ಸಂದಿಯೆಲ್ಲ ಉಜ್ಜಿ ತೊಳೆದೆ. ಹೊರಗೆ ಅಳು ನಿಲ್ಲುವವರೆಗೂ ತೊಳೆಯುತ್ತಲೇ ಇದ್ದೆ.